ಸಂಜೆ ಆರೂವರೆಯ ಕಛೇರಿ ರಾತ್ರಿ ಹನ್ನೆರಡಕ್ಕೆ

ನಮ್ಮ ಸೋದರಮಾವ ಮೃದಂಗ ನುಡಿಸುತ್ತಾರೆ. ಹನುಮಂತನಗರದಲ್ಲಿ ಮನೆ. ಪೋಸ್ಟರಿನಲ್ಲಿ ಫೋಟೋ ದೊಡ್ಡದಾಗಿ ಬರುವಷ್ಟು ಹೆಸರೇನಿಲ್ಲ. ಆದರೆ ಊರಿನ ಸಂಗೀತ ಸಭೆಗಳವರಿಗೆಲ್ಲ ಗೊತ್ತು, ತಿಂಗಳಿಗೆ ಹತ್ತು ಹನ್ನೆರಡು ಕಛೇರಿ ಇದ್ದೇ ಇರುತ್ತವೆ, ರಾಮನವಮಿ ಸೀಸನ್ ಬಂತೆಂದರೆ ಕೇಳಲೇಬೇಡಿ. ಇಷ್ಟಕ್ಕೂ ಲೆಕ್ಕ ಇರುವುದು ಬ್ಯಾಂಕಿನವರು ಪುಕ್ಕಟೆ ಕೊಟ್ಟ ಒಂದು ಡೈರಿಯಲ್ಲಿ. ಡೈರಿ ಇರುವುದು ಮನೆಯಲ್ಲಿ, ದೇವರ ಕೋಣೆ ಪಕ್ಕದ ಗೂಡಿನಲ್ಲಿ. ಫೋನ್ ಬರುವುದು ಮಾತ್ರ ಅವರು ಗಾಂಧಿಬಜಾರಿನಲ್ಲಿ ಅವರೆಕಾಯಿ ಆರಿಸುತ್ತಾ ನಿಂತಿರುವಾಗ.

ಒಂದು ಭಾನುವಾರ ಆಗಬಾರದ್ದು ಆಗಿಹೋಯಿತು. ಮಧ್ಯಾಹ್ನ ನಾಲ್ಕಕ್ಕೆ ಒಂದು ಭರತನಾಟ್ಯ ರಂಗಪ್ರವೇಶ, ಸಂಜೆ 6.30ಕ್ಕೆ ಊರಿನ ಆ ತುದಿಯಲ್ಲಿ ಒಂದು ಗಾಯನ ಕಛೇರಿ. ಎರಡಕ್ಕೂ ಹೂಂ ಅಂದಿದ್ದರು. ಒಂದನ್ನು ಡೈರಿಯಲ್ಲಿ ಬರೆದಿದ್ದರು, ಇನ್ನೊಂದನ್ನು ತರಕಾರಿ ಚೀಟಿಯ ಹಿಂದೆ. ಕೊನೇ ಗಳಿಗೆಯಲ್ಲಿ ಯಾರೋ ಹುಡುಗನನ್ನು ಹಿಡಿದು ಕಳಿಸಿದ್ದಾಯಿತು. ಆದರೆ ಆ ಸಭೆಯವರು ಆಮೇಲೆ ಒಂದು ವರ್ಷ ಕರೆಯಲಿಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅತ್ತೆ ನನ್ನ ಕಡೆ ತಿರುಗಿ, 'ಕಂಪ್ಯೂಟರ್ ಓದಿದೀಯಲ್ಲ, ಇದಕ್ಕೊಂದು ಏನಾದ್ರೂ ಮಾಡಬಾರದಾ' ಅಂದರು.

ಮಾವನಿಗೆ ಅಂತ ವರ್ಡ್‌ಪ್ರೆಸ್ ಅನ್ನುವ, ವೆಬ್‌ಸೈಟ್ ಕಟ್ಟುವ ತಂತ್ರಾಂಶದಲ್ಲಿ ಒಂದು ಸೈಟ್ ನಾನೇ ಹಿಂದೆ ಮಾಡಿಕೊಟ್ಟಿದ್ದೆ. ಒಂದು ಫೋಟೋ, ಗುರುಗಳ ಹೆಸರು, ಫೋನ್ ನಂಬರ್, ಅಷ್ಟೆ. ಅದಕ್ಕೇ ಒಂದು ಕ್ಯಾಲೆಂಡರ್ ಸೇರಿಸಿದರೆ ಮುಗಿಯಿತು, ಎರಡು ಭಾನುವಾರದ ಕೆಲಸ ಅಂದುಕೊಂಡೆ. ಎಂಟು ತಿಂಗಳು ಹಿಡಿಯಿತು.

ಮೊದಲು ರೆಡಿಮೇಡ್ ಪ್ಲಗಿನ್‌ಗಳನ್ನೇ, ಅಂದರೆ ವರ್ಡ್‌ಪ್ರೆಸ್‌ಗೆ ಸೇರಿಸುವ ಚಿಕ್ಕ ತಂತ್ರಾಂಶಗಳನ್ನೇ, ಹಾಕಿ ನೋಡಿದೆ. ಕೆಟ್ಟವೇನಲ್ಲ. ಆದರೆ ಅವೆಲ್ಲ ಕಾರ್ಯಕ್ರಮ ಮಾಡಿಸುವವರಿಗಾಗಿ ಬರೆದದ್ದು. ಟಿಕೆಟ್ ಬೆಲೆ ಎಷ್ಟು, ಎಷ್ಟು ಸೀಟು, ಆಯೋಜಕರ ಲೋಗೋ ಎಲ್ಲಿ ಅಂತ ಕೇಳುತ್ತವೆ. ನಮ್ಮಲ್ಲಿ ಮುಕ್ಕಾಲು ಪಾಲು ಕಛೇರಿಗಳ ಆಹ್ವಾನ ಪತ್ರಿಕೆಯಲ್ಲಿ 'ಪ್ರವೇಶ ಉಚಿತ, ಎಲ್ಲರಿಗೂ ಆದರದ ಸ್ವಾಗತ' ಅಂತಲೇ ಇರುತ್ತೆ, ಅಲ್ವಾ? ಪಕ್ಕವಾದ್ಯದವರಿಗೆ ಬೇಕಾದ್ದೇ ಬೇರೆ. ಯಾರಿಗೆ ನುಡಿಸುವುದು? ಪಿಟೀಲು ಯಾರು? ಘಟವೋ ಖಂಜಿರವೋ ಜೊತೆಗೆ ಇದೆಯಾ? ಎಲ್ಲಕ್ಕಿಂತ ಮೊದಲು, ಶ್ರುತಿ ಎಷ್ಟು?

ಶ್ರುತಿಯ, ಅಂದರೆ ಹಾಡುವವರ ಆಧಾರ ಸ್ವರದ ವಿಷಯ ನನಗೆ ಗೊತ್ತೇ ಇರಲಿಲ್ಲ. ಅದನ್ನು ಹೇಳುವುದು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ. ಗಂಡಸರು ಹಾಡುವುದು ಸಾಮಾನ್ಯವಾಗಿ ಒಂದು ಮನೆಯಿಂದ ಎರಡು ಎರಡೂವರೆ ಮನೆಯೊಳಗೆ, ಹೆಂಗಸರು ಐದು, ಐದೂವರೆ, ಆರು ಮನೆಯ ಹತ್ತಿರ. ಒಂದೇ ಮೃದಂಗವನ್ನು ಇವೆರಡಕ್ಕೂ ಎಳೆದು ಕೂರಿಸಲು ಆಗುವುದಿಲ್ಲ. ತಗ್ಗು ಶ್ರುತಿಯದ್ದು ಬೇರೆ, ಹೆಚ್ಚು ಶ್ರುತಿಯದ್ದು ಬೇರೆ. ಮಾವನ ಮನೆಯಲ್ಲಿ ಐದು ಮೃದಂಗ ಇವೆ. ಮನೆ ಬಿಡುವಾಗ ಯಾವುದನ್ನು ಎತ್ತಿಕೊಳ್ಳಬೇಕು ಅಂತ ಹೇಳದ ಕ್ಯಾಲೆಂಡರ್ ಇದ್ದೂ ಪ್ರಯೋಜನವಿಲ್ಲ. ಹಾಗಾಗಿ ನನ್ನ ಪ್ಲಗಿನ್‌ನಲ್ಲಿ ತಾರೀಖು ಆದಮೇಲೆ ಬರುವ ಎರಡನೇ ಖಾನೆಯೇ ಶ್ರುತಿ. ಮೂರನೆಯದು ಸ್ಥಳ. ನಾನೇ ಬರೆಯೋಣ ಅಂತ ಗಟ್ಟಿ ಮಾಡಿಕೊಂಡದ್ದು ಅವತ್ತು.

ಈಗ ನಾನು ಮಾಡಿದ ಮೊದಲ ಪೆದ್ದುತನ. ವರ್ಡ್‌ಪ್ರೆಸ್‌ನಲ್ಲಿ ಬ್ಲಾಗ್ ಪೋಸ್ಟ್ ಇರುತ್ತಲ್ಲ, ಹಾಗೇ 'ಕಛೇರಿ' ಅಂತ ನಮ್ಮದೇ ಒಂದು ಹೊಸ ಪೋಸ್ಟ್ ಟೈಪ್ ಮಾಡಿಕೊಳ್ಳಬಹುದು. ಅದಕ್ಕೆ ವರ್ಡ್‌ಪ್ರೆಸ್‌ನ ಭಾಷೆಯಾದ ಪಿಎಚ್‌ಪಿಯಲ್ಲಿ ಹತ್ತು ಸಾಲು ಸಾಕು. ಪ್ರತಿ ಪೋಸ್ಟ್‌ಗೂ ಪ್ರಕಟಣೆಯ ತಾರೀಖು ಅಂತ ಒಂದು ಮೊದಲೇ ಇರುತ್ತೆ. ಇನ್ನೊಂದು ತಾರೀಖು ಯಾಕೆ, ಇದನ್ನೇ ಕಛೇರಿಯ ತಾರೀಖು ಅಂತ ಬಳಸಿದರೆ ಆಯಿತಲ್ಲ ಅಂತ ಜಾಣತನ ತೋರಿಸಿದೆ. ಇಪ್ಪತ್ತು ಕಛೇರಿ ತುಂಬಿಸಿದೆ. ಸೈಟ್ ತೆಗೆದು ನೋಡಿದರೆ ಒಂದೂ ಇಲ್ಲ. ನನ್ನ ಲಾಗಿನ್‌ನಿಂದ ಅಡ್ಮಿನ್‌ನಲ್ಲಿ ಎಲ್ಲ ಕಾಣುತ್ತೆ, ಹೊರಗಿನವರಿಗೆ ಏನೂ ಇಲ್ಲ. ಯಾಕೆ ಗೊತ್ತಾ? ತಾರೀಖು ಮುಂದಿನದು ಅಂತಾದರೆ ವರ್ಡ್‌ಪ್ರೆಸ್ ಅದನ್ನು 'ಆಮೇಲೆ ಪ್ರಕಟಿಸಬೇಕಾದದ್ದು' ಅಂತ ತಿಳಿದು ಎತ್ತಿಟ್ಟುಬಿಡುತ್ತೆ. ಸಂಜೆ 6.30ರ ಕಛೇರಿ ಸೈಟಿನಲ್ಲಿ ಕಾಣಿಸಿಕೊಳ್ಳುವುದು ಸಂಜೆ 6.30ಕ್ಕೆ. ಅದೂ ಖಾತ್ರಿಯಿಲ್ಲ. ವರ್ಡ್‌ಪ್ರೆಸ್‌ನ ಒಳಗಿನ ಗಡಿಯಾರ ತಾನಾಗಿ ಓಡುವುದಿಲ್ಲ, ಯಾರಾದರೂ ಸೈಟಿಗೆ ಬಂದರೆ ಆಗ 'ಓ, ಟೈಮ್ ಆಯ್ತಲ್ಲ' ಅಂತ ಎಚ್ಚರಾಗುತ್ತೆ. ಮಾವನ ಸೈಟಿಗೆ ದಿನಕ್ಕೆ ನಾಲ್ಕು ಜನ ಬಂದರೆ ಹೆಚ್ಚು. ಅಂದರೆ ಶುರುವಿನ ವರ್ಣ ಮುಗಿದು ಮೃದಂಗದ ತನಿ ಆವರ್ತನ ಶುರುವಾದ ಮೇಲೆ 'ಇಂದು ಕಛೇರಿ ಇದೆ, ಬನ್ನಿ' ಅಂತ ಸೈಟಿನಲ್ಲಿ ಬರುತ್ತಿತ್ತು. ಕಛೇರಿ ತಾರೀಖಿಗೆ ಬೇರೆಯೇ ಖಾನೆ ಮಾಡಿ, ಪಟ್ಟಿಯನ್ನು ಅದರ ಪ್ರಕಾರ ಜೋಡಿಸಿದೆ.

ಎರಡನೆಯದು ತಲೆಬರಹದಲ್ಲಿರುವ ವಿಷಯ. ಸೈಟಿನ ಕ್ಯಾಲೆಂಡರನ್ನು ಫೋನಿನ ಕ್ಯಾಲೆಂಡರಿಗೆ ಜೋಡಿಸಲು ಐಕ್ಯಾಲೆಂಡರ್ ಅಂತ ಒಂದು ಫಾರ್ಮ್ಯಾಟ್ ಇದೆ. 1998ರಲ್ಲಿ ಮೊದಲು ಬಂತು, 2009ರಲ್ಲಿ ತಿದ್ದಿದರು. ಸುಮ್ನೆ ಒಂದು ಟೆಕ್ಸ್ಟ್ ಫೈಲ್, ಕಷ್ಟವೇನಿಲ್ಲ. ಅದರಲ್ಲಿ ಸಮಯ ಬರೆದು ಕೊನೆಗೆ ಇಂಗ್ಲಿಷಿನ ಝಡ್ ಅಕ್ಷರ ಹಾಕಿದರೆ ಅದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ ಅಂತ ಅರ್ಥ. ನಾನು ಎಲ್ಲಿಂದಲೋ ಒಂದು ಮಾದರಿ ನಕಲು ಮಾಡಿದ್ದೆ, ಅದರಲ್ಲಿ ಝಡ್ ಇತ್ತು, ಯಾಕಿದೆ ಅಂತ ಯೋಚಿಸಲಿಲ್ಲ. ನಮ್ಮ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. 18.30ಕ್ಕೆ ಐದೂವರೆ ಸೇರಿಸಿ ನೋಡಿ. ಸರಿಯಾಗಿ ಮಧ್ಯರಾತ್ರಿ ಹನ್ನೆರಡು! ತಾರೀಖೂ ಮರುದಿನಕ್ಕೆ ಹೋಗುತ್ತೆ. ಮಾವ ಬೆಳಗ್ಗೆ ಆರಕ್ಕೆ ಫೋನ್ ಮಾಡಿದರು. 'ಏನಯ್ಯಾ, ಎಲ್ಲಾ ಕಛೇರಿಯೂ ಅರ್ಧರಾತ್ರಿಗೇ ಹಾಕಿದೀಯ, ನಾನೇನು ಯಕ್ಷಗಾನಕ್ಕೆ ಮದ್ದಳೆ ಬಾರಿಸ್ತೀನಾ?'

ಅದನ್ನು ಸರಿಮಾಡಲು ಹೊರಟರೆ ಇನ್ನೊಂದು ಕಡೆ ಕೆಟ್ಟಿತು. ಸರ್ವರ್ ಎಲ್ಲೇ ಇರಲಿ, ವರ್ಡ್‌ಪ್ರೆಸ್ ತನ್ನೊಳಗೆ ಪಿಎಚ್‌ಪಿಯ ಗಡಿಯಾರವನ್ನು ಯುಟಿಸಿಗೇ ತಿರುಗಿಸಿ ಇಟ್ಟುಕೊಂಡಿರುತ್ತೆ. ಸೆಟ್ಟಿಂಗ್ಸ್‌ನಲ್ಲಿ ಭಾರತದ ಸಮಯಕ್ಕೆ ಇಟ್ಟಿರುವ ಹೆಸರಾದ ಕೋಲ್ಕತ್ತಾ ಅಂತ ಆರಿಸಿದ್ದರೂ, ಪಿಎಚ್‌ಪಿಯ ಹಳೇ ಫಂಕ್ಷನ್‌ಗಳನ್ನು ನೇರವಾಗಿ ಕರೆದರೆ ಅವು ಯುಟಿಸಿಯಲ್ಲೇ ಮಾತಾಡುತ್ತವೆ. 2019ರ ಕೊನೆಗೆ ಬಂದ ವರ್ಡ್‌ಪ್ರೆಸ್ 5.3 ಆವೃತ್ತಿಯಿಂದ ಸೈಟಿನ ಟೈಮ್‌ಝೋನ್ ಹಿಡಿದುಕೊಂಡೇ ಲೆಕ್ಕ ಹಾಕುವ ಫಂಕ್ಷನ್‌ಗಳಿವೆ. ಅವನ್ನು ಬಳಸಿ, ಫೈಲಿನಲ್ಲೂ ಝಡ್ ತೆಗೆದು 'ಏಷ್ಯಾ ಕೋಲ್ಕತ್ತಾ' ಅಂತ ಬರೆದ ಮೇಲೆ ಕಛೇರಿಗಳು ಸಂಜೆಗೆ ವಾಪಸ್ ಬಂದವು.

ಮೂರನೆಯದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕನ್ನಡದಲ್ಲಿ ಕೆಲಸ ಮಾಡುವವರು ಯಾರಾದರೂ ಇದೇ ಗುಂಡಿಗೆ ಬೀಳಬಹುದು. ಐಕ್ಯಾಲೆಂಡರ್ ಫೈಲಿನಲ್ಲಿ ಒಂದು ಸಾಲು 75 ಬೈಟ್‌ಗಿಂತ ಉದ್ದ ಇರಬಾರದು, ಬೈಟ್ ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಅಳೆಯುವ ಅಳತೆ. ಜಾಸ್ತಿಯಾದರೆ ಮಡಚಿ ಮುಂದಿನ ಸಾಲಿಗೆ ಹಾಕಬೇಕು, ಆ ಸಾಲು ಒಂದು ಖಾಲಿ ಜಾಗದಿಂದ ಶುರುವಾಗಬೇಕು. ಇಂಗ್ಲಿಷಿನಲ್ಲಿ ಒಂದು ಅಕ್ಷರ ಅಂದರೆ ಒಂದು ಬೈಟ್, ಎಲ್ಲಿ ಕತ್ತರಿಸಿದರೂ ನಡೆಯುತ್ತೆ. ನಮ್ಮದು ಹಾಗಲ್ಲ. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ವ್ಯಂಜನಕ್ಕೆ ಮೂರು, ಗುಣಿತದ ಚಿಹ್ನೆಗೆ ಮೂರು, ಒತ್ತಕ್ಷರ ಮಾಡುವ ವಿರಾಮಕ್ಕೆ ಇನ್ನೂ ಮೂರು. 'ಕ್ಷೇ' ಅನ್ನುವ ಒಂದೇ ಅಕ್ಷರ ಹನ್ನೆರಡು ಬೈಟ್ ತಿನ್ನುತ್ತೆ.

ಮಾವನದ್ದು ಒಂದು ಕಛೇರಿ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದಲ್ಲಿ ಇತ್ತು. ಸಾಲು ಶುರುವಾಗುವುದು ಇಂಗ್ಲಿಷಿನಲ್ಲಿ ಲೊಕೇಶನ್ ಮತ್ತು ಒಂದು ಕೋಲನ್‌ನಿಂದ, 9 ಬೈಟ್. 'ರವೀಂದ್ರ ಕಲಾಕ್ಷೇತ್ರ' 52. ಅಲ್ಲಿಗೆ 61. ಕಾಮಾ ಹಾಕಬೇಕೆಂದರೆ ಅದಕ್ಕೂ ಮೊದಲು ಒಂದು ಓರೆಗೆರೆ ಬೇಕು, ಆಮೇಲೆ ಖಾಲಿ ಜಾಗ, 64. 'ಜೆ' ಆರು, ಚುಕ್ಕಿ ಒಂದು, 71. ಆಮೇಲೆ 'ಸಿ.' 'ಸ'ಗೆ ಮೂರು, 74. ಉಳಿದದ್ದು ಒಂದೇ ಬೈಟ್, ಬರಬೇಕಾದದ್ದು 'ಸ'ವನ್ನು 'ಸಿ' ಮಾಡುವ ಮೂರು ಬೈಟಿನ ಗುಡಿಸು. ನನ್ನ ಕೋಡ್ ಕಣ್ಣುಮುಚ್ಚಿಕೊಂಡು 75ಕ್ಕೆ ಕತ್ತರಿ ಹಾಕಿತ್ತು. ಗುಡಿಸಿನ ಒಂದು ಚೂರು ಈ ಸಾಲಿನಲ್ಲಿ, ಎರಡು ಚೂರು ಮುಂದಿನ ಸಾಲಿನಲ್ಲಿ. ಕೆಲವು ಆ್ಯಪ್‌ಗಳು ಮೊದಲು ಸಾಲು ಜೋಡಿಸಿ ಆಮೇಲೆ ಓದುತ್ತವೆ, ಅವುಗಳಲ್ಲಿ ಸರಿಯಾಗೇ ಕಂಡಿತು. ನನ್ನ ಫೋನಿನಲ್ಲೂ ಸರಿ ಇತ್ತು. ಮಾವನ ಫೋನಿನಲ್ಲಿ ಜೆ.ಸಿ. ರಸ್ತೆಯ ಜಾಗದಲ್ಲಿ 'ಜೆ.ಸ' ಆದಮೇಲೆ ಕರಿ ಚೌಕದೊಳಗೆ ಪ್ರಶ್ನೆಚಿಹ್ನೆಗಳು. ಮೂರು ಸಂಜೆ ಕೂತು ಬೈಟ್ ಎಣಿಸಿದ ಮೇಲೆ ಸಿಕ್ಕಿದ್ದು ಇದು. ಅಕ್ಷರದ ನಡುವೆ ಕತ್ತರಿಸದೆ, ಬೈಟಿನ ಮಿತಿಯನ್ನೂ ಮೀರದೆ ತುಂಡು ಮಾಡುವ ಫಂಕ್ಷನ್ ಪಿಎಚ್‌ಪಿಯಲ್ಲೇ ಇದೆ, ಎಂಬಿ ಸ್ಟ್ರ್‌ಕಟ್ ಅಂತ. ಒಂದು ಸಾಲು ಬದಲಾಯಿಸಿದೆ, ಗುಡಿಸು ಬಂದು ಕೂತಿತು.

ಸಂಭಾವನೆ ವಿಷಯದಲ್ಲಿ ಸ್ವಲ್ಪದರಲ್ಲಿ ಬಚಾವಾದೆ. ಯಾರು ಎಷ್ಟು ಕೊಡುತ್ತೇವೆ ಅಂದರು, ಅಡ್ವಾನ್ಸ್ ಬಂತಾ ಇಲ್ಲವಾ ಅಂತ ಬರೆದಿಡಲು ಒಂದು ಖಾನೆ ಮಾಡಿದ್ದೆ. ಪುಟದಲ್ಲಿ ಅದನ್ನು ತೋರಿಸಿರಲಿಲ್ಲ, ಅಷ್ಟು ಸಾಕು ಅಂದುಕೊಂಡಿದ್ದೆ. ಆದರೆ ವರ್ಡ್‌ಪ್ರೆಸ್‌ಗೆ ಹಿಂಬಾಗಿಲು ಒಂದಿದೆ, ರೆಸ್ಟ್ ಎಪಿಐ ಅಂತ, ಬೇರೆ ಪ್ರೋಗ್ರಾಮ್‌ಗಳು ಸೈಟಿನ ಮಾಹಿತಿ ಓದಿಕೊಳ್ಳುವ ದಾರಿ. ನಾನು ಎಲ್ಲ ಖಾನೆಗಳನ್ನೂ ಒಂದೇ ಲೂಪಿನಲ್ಲಿ ಅದಕ್ಕೆ ತೆರೆದಿಟ್ಟಿದ್ದೆ. ವಿಳಾಸ ಗೊತ್ತಿದ್ದವರು ಲಾಗಿನ್ ಇಲ್ಲದೆಯೇ ಯಾವ ಸಭೆ ಎಷ್ಟು ಕೊಟ್ಟಿದೆ ಅಂತ ಓದಬಹುದಿತ್ತು. ಕಲಾವಿದರ ಲೋಕದಲ್ಲಿ ಇದಕ್ಕಿಂತ ದೊಡ್ಡ ಅನಾಹುತ ಇನ್ನೊಂದಿಲ್ಲ. ಒಂದು ಕಡೆ ಪ್ರೀತಿಗೆ ಅಂತ ಬಸ್ ಚಾರ್ಜಿಗೆ ನುಡಿಸಿರುತ್ತಾರೆ, ಇನ್ನೊಂದು ಕಡೆ ಬಾಯಿಬಿಟ್ಟು ಕೇಳಿರುತ್ತಾರೆ. ಸೈಟ್ ಹೊರಗೆ ಬಿಡುವ ಹಿಂದಿನ ದಿನ ಸುಮ್ನೆ ಅಂತ ನೋಡಿದಾಗ ಕಣ್ಣಿಗೆ ಬಿತ್ತು. ಈಗ ಅಂಥ ಖಾನೆ ಒಂದೊಂದನ್ನೂ ಬೇಕೆಂದು ತೆರೆದರೆ ಮಾತ್ರ ತೆರೆಯುತ್ತೆ, ಇಲ್ಲದಿದ್ದರೆ ಬೀಗ.

ಇನ್ನು ಹಬ್ಬಗಳು. 'ಪ್ರತಿ ವರ್ಷ ಪುನರಾವರ್ತನೆ' ಅಂತ ಒಂದು ಟಿಕ್ ಹಾಕುವ ಜಾಗ ಇಟ್ಟಿದ್ದೆ. ಎಲ್ಲ ಕ್ಯಾಲೆಂಡರ್‌ನಲ್ಲೂ ಇರುತ್ತಲ್ಲ! 2024ರಲ್ಲಿ ರಾಮನವಮಿ ಏಪ್ರಿಲ್ 17. ಮಾವ ಖುಷಿಯಿಂದ ಟಿಕ್ ಹಾಕಿದರು. 2025ರಲ್ಲಿ ಹಬ್ಬ ಬಂದದ್ದು ಏಪ್ರಿಲ್ 6ಕ್ಕೆ, ನನ್ನ ಪ್ಲಗಿನ್ ಮಾತ್ರ 17ನೇ ತಾರೀಖು ರಾಮನವಮಿ ಕಛೇರಿ ಅಂತ ಹಟ ಹಿಡಿದಿತ್ತು. ಗಣೇಶನದ್ದೂ ಅದೇ ಕಥೆ, 2024ರಲ್ಲಿ ಸೆಪ್ಟೆಂಬರ್ 7, ಮರುವರ್ಷ ಆಗಸ್ಟ್ 27. ತ್ಯಾಗರಾಜರ ಆರಾಧನೆ ಪುಷ್ಯ ಬಹುಳ ಪಂಚಮಿ, ಪುರಂದರದಾಸರದ್ದು ಪುಷ್ಯ ಅಮಾವಾಸ್ಯೆ. ಸಂಗೀತಗಾರರ ವರ್ಷ ನಡೆಯುವುದೇ ತಿಥಿಯ ಮೇಲೆ. ಬೆಂಗಳೂರಿನ ಪಾಲಿಗಂತೂ ಯುಗಾದಿ ಕಳೆದ ಮೇಲಿನ ತಿಂಗಳೇ ದೊಡ್ಡ ಸೀಸನ್. ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿಯವರು 1939ರಿಂದ ನಡೆಸುತ್ತಿದ್ದಾರೆ, ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲಿನಲ್ಲಿ ಒಂದು ತಿಂಗಳ ಮೇಲೆ ಕಛೇರಿಗಳು. ಅದರ ಜೊತೆಗೆ ಬಡಾವಣೆಗೊಂದು ರಾಮಮಂದಿರ, ರಾಮಮಂದಿರಕ್ಕೊಂದು ಪೆಂಡಾಲು, ಎಲ್ಲ ಕಡೆ ಪಾನಕ, ಕೋಸಂಬರಿ, ಕಛೇರಿ.

ತಿಥಿಯನ್ನು ಕೋಡಿನಲ್ಲೇ ಲೆಕ್ಕ ಹಾಕೋಣ ಅಂತ ಒಂದು ವಾರ ಹುಚ್ಚು ಹಿಡಿದಿತ್ತು. ಬಿಟ್ಟೆ. ಈಗ ಹಬ್ಬಗಳದ್ದೇ ಒಂದು ಚಿಕ್ಕ ಪಟ್ಟಿ ಇದೆ. ಯುಗಾದಿಗೆ ಹೊಸ ಪಂಚಾಂಗ ಬಂದಾಗ ಅತ್ತೆ ಕೂತು ಆ ವರ್ಷದ ತಾರೀಖು ತುಂಬಿಸುತ್ತಾರೆ. ಹತ್ತು ನಿಮಿಷದ ಕೆಲಸ. ಕಛೇರಿಯನ್ನು ತಾರೀಖಿಗೆ ಕಟ್ಟುವ ಬದಲು 'ರಾಮನವಮಿಯಿಂದ ನಾಲ್ಕನೇ ದಿನ' ಅಂತ ಹಬ್ಬಕ್ಕೇ ಕಟ್ಟಬಹುದು. ಸಭೆಯವರು ಫೋನಿನಲ್ಲಿ ಹೇಳುವುದೂ ಹಾಗೇ ತಾನೆ?

ರಾಹುಕಾಲದ ಕಥೆ ಹೇಳದೆ ಮುಂದೆ ಹೋಗಲಾರೆ. ಮಾವನಿಗೆ ಪುಟದ ಮೂಲೆಯಲ್ಲಿ ರಾಹುಕಾಲ ಬೇಕಿತ್ತು. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಎಂಟು ಪಾಲು ಮಾಡಬೇಕು, ಭಾನುವಾರ ಕೊನೇ ಪಾಲು ರಾಹುವಿನದು. ಊರಿನ ಅಕ್ಷಾಂಶ ರೇಖಾಂಶ ಕೊಟ್ಟರೆ ಸೂರ್ಯನ ಲೆಕ್ಕ ಪಿಎಚ್‌ಪಿಯೇ ಮಾಡುತ್ತೆ. ಬಹಳ ಶಾಸ್ತ್ರೋಕ್ತವಾಗಿ ಬರೆದೆ. ಜೂನ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ಹತ್ತಿರ ಹತ್ತಿರ 6.47ಕ್ಕೆ. ಅಂದರೆ ಭಾನುವಾರದ ರಾಹುಕಾಲ 5.10ರ ಸುಮಾರಿಗೆ ಶುರುವಾಗಿ 6.47ಕ್ಕೆ ಮುಗಿಯುತ್ತೆ. ಭಾನುವಾರದ 6.30ರ ಕಛೇರಿಗಳೆಲ್ಲ ರಾಹುಕಾಲದಲ್ಲಿ ಬಿದ್ದವು. ಮಾವ ಗೋಡೆ ಕ್ಯಾಲೆಂಡರ್ ತಂದು ಮುಂದಿಟ್ಟರು. 'ನಾಲ್ಕೂವರೆಯಿಂದ ಆರು. ನಮ್ಮಪ್ಪನ ಕಾಲದಿಂದ ಇದೇ. ನಿನ್ನ ಲೆಕ್ಕ ನೀನೇ ಇಟ್ಕೋ.' ಕೋಡ್ ಪೂರ್ತಿ ಅಳಿಸಿ ಏಳು ಸಾಲಿನ ಪಟ್ಟಿ ಹಾಕಿದೆ.

ಇಷ್ಟೆಲ್ಲ ಆದಮೇಲೂ ಮಾವ ಅದನ್ನು ಬಳಸುತ್ತಿರಲಿಲ್ಲ. ನನಗೆ ಬೇಜಾರಾಗಿತ್ತು, ಕೇಳಲಿಕ್ಕೂ ಸಂಕೋಚ. ಒಂದು ದಿನ ಅವರ ಜೊತೆಗೇ ಗಾಂಧಿಬಜಾರಿಗೆ ಹೋದಾಗ ಅವರಿಗೆ ಫೋನ್ ಬಂತು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಫೋನ್. ಆ ಕಡೆಯವರು ತಾರೀಖು ಹೇಳಿ, 'ಬಿಡುವಿದೆಯಾ ಸಾರ್?' ಅಂತ ಕಾಯುತ್ತಿದ್ದಾರೆ. ಮಾವನ ಹತ್ತಿರ ಇರುವುದು ಹತ್ತು ಸೆಕೆಂಡ್. ಅಷ್ಟರಲ್ಲಿ ಹೇಳದಿದ್ದರೆ ಅವರು ಪಟ್ಟಿಯಲ್ಲಿರುವ ಮುಂದಿನ ಹೆಸರಿಗೆ ಹೋಗುತ್ತಾರೆ. ನಾನು ಮಾಡಿದ್ದೇನು? ಲಾಗಿನ್, ಪಾಸ್‌ವರ್ಡ್, ಎಡಗಡೆಯ ಮೆನು, ತಿಂಗಳ ಚೌಕಗಳು. ಕೇಳುಗರಿಗೆ ಚೆಂದ ಕಾಣುವ ಕ್ಯಾಲೆಂಡರ್ ಕಟ್ಟುತ್ತಾ ಕೂತಿದ್ದೆ. ನುಡಿಸುವವರಿಗೆ ಬೇಕಾದದ್ದು ಹೂಂ ಅಥವಾ ಊಹೂಂ ಅನ್ನಲು ಒಂದು ಉತ್ತರ ಅಷ್ಟೆ.

ಮನೆಗೆ ಬಂದು ಒಂದೇ ಪುಟ ಮಾಡಿದೆ. ಫೋನಿನ ಮುಖಪುಟದಲ್ಲಿ ಒಂದು ಬಟನ್. ಒತ್ತಿದರೆ ಮುಂದಿನ ಅರವತ್ತು ದಿನ ಮೇಲಿಂದ ಕೆಳಕ್ಕೆ, ದೊಡ್ಡ ಅಕ್ಷರದಲ್ಲಿ. ಪ್ರತಿ ದಿನದ ಮುಂದೆ ಒಂದು ಪದ. ಖಾಲಿ, ಕೇಳಿದ್ದಾರೆ, ಒಪ್ಪಿದೆ. ಈ 'ಕೇಳಿದ್ದಾರೆ' ಬಹಳ ಮುಖ್ಯ. ಸಭೆಯವರು 'ಡೇಟ್ ಇಟ್ಟಿರಿ ಸಾರ್, ಎರಡು ದಿನದಲ್ಲಿ ಹೇಳ್ತೀವಿ' ಅಂತಾರೆ, ಎರಡು ವಾರ ಆದರೂ ಸುದ್ದಿ ಇರಲ್ಲ. ಆ ತಾರೀಖು ಖಾಲಿಯೂ ಅಲ್ಲ, ತುಂಬಿಯೂ ಇಲ್ಲ. ಅದು ಮಾವನಿಗೆ ಮಾತ್ರ ಕಾಣಬೇಕು, ಹೊರಗೆ ಕಾಣಕೂಡದು. ಒಂದು ವಾರ ದಾಟಿದರೆ ಹಳದಿ ಬಣ್ಣಕ್ಕೆ ತಿರುಗುತ್ತೆ, ಫೋನ್ ಮಾಡಿ ಕೇಳಿ ಅಂತ.

ಒಂದು ಕಿರಿಕಿರಿ ಆಮೇಲೂ ಉಳಿದಿತ್ತು. ಮಾವ ಫೋನಿನಲ್ಲಿ ಪುಟ ತೆರೆದರೆ ಮೂರು ದಿನ ಮುಚ್ಚುವುದಿಲ್ಲ. ಮೂರನೇ ದಿನ ಅದೇ ಪುಟದಲ್ಲಿ ಬರೆದು ಸೇವ್ ಒತ್ತಿದರೆ 'ಈ ಲಿಂಕಿನ ಅವಧಿ ಮುಗಿದಿದೆ' ಅಂತ ಇಂಗ್ಲಿಷಿನಲ್ಲಿ ಬರುತ್ತೆ, ಬರೆದದ್ದು ಹೋಗುತ್ತೆ. ಬೇರೆಯವರು ಮೋಸದಿಂದ ಫಾರ್ಮ್ ಕಳಿಸದಿರಲಿ ಅಂತ ವರ್ಡ್‌ಪ್ರೆಸ್ ಪ್ರತಿ ಫಾರ್ಮಿಗೂ ಒಂದು ಗುಟ್ಟಿನ ಸಂಖ್ಯೆ ಕೊಡುತ್ತೆ, ಅದರ ಆಯಸ್ಸು ಹೆಚ್ಚೆಂದರೆ 24 ಗಂಟೆ. ಅದನ್ನು ಕಿತ್ತುಹಾಕಬಾರದು, ಹಾಕಬೇಡಿ. ಪುಟ ಮತ್ತೆ ಕಣ್ಣಿಗೆ ಬಿದ್ದ ತಕ್ಷಣ ಹೊಸ ಸಂಖ್ಯೆ ತರಿಸಿಕೊಳ್ಳುವ ಹಾಗೆ ಮಾಡಿದೆ. ಜೊತೆಗೆ ಬರೆದದ್ದನ್ನು ಫೋನಿನಲ್ಲೇ ಒಂದು ಪ್ರತಿ ಇಟ್ಟುಕೊಳ್ಳುತ್ತೆ.

ಕೊನೆಗೆ, ಎಲ್ಲಕ್ಕೂ ಮೂಲವಾದ ಆ ಡಬಲ್ ಬುಕಿಂಗ್. ಎರಡು ಕಾರ್ಯಕ್ರಮ ಡಿಕ್ಕಿ ಹೊಡೆಯುತ್ತವಾ ಅಂತ ನೋಡುವುದು ಸುಲಭ. ಮೊದಲನೆಯದು ಎರಡನೆಯದರ ಮುಗಿತಾಯಕ್ಕೆ ಮುಂಚೆ ಶುರುವಾಗಿ, ಎರಡನೆಯದೂ ಮೊದಲನೆಯದರ ಮುಗಿತಾಯಕ್ಕೆ ಮುಂಚೆ ಶುರುವಾದರೆ, ಡಿಕ್ಕಿ. ಆದರೆ ಯಾವುದು ಯಾವಾಗ ಮುಗಿಯುತ್ತೆ ಅಂತ ಯಾರಿಗೆ ಗೊತ್ತು? ಕಛೇರಿಗೆ ಎರಡೂವರೆ ಗಂಟೆ ಹಿಡಿದೆ. ರಂಗಪ್ರವೇಶಕ್ಕೆ ನಾಲ್ಕು, ಮುಖ್ಯ ಅತಿಥಿಗಳ ಭಾಷಣ ಇರುತ್ತಲ್ಲ. ಅದರ ಮೇಲೆ ಓಡಾಟದ ಹೊತ್ತು. ಮ್ಯಾಪ್ ಸೇವೆಗೆ ದುಡ್ಡು ಕಟ್ಟುವ ಬದಲು ಹನ್ನೊಂದು ಬಡಾವಣೆಗಳ ಪಟ್ಟಿ ಮಾಡಿ, ಒಂದರಿಂದ ಇನ್ನೊಂದಕ್ಕೆ ಎಷ್ಟು ಹೊತ್ತು ಅಂತ ಮಾವನನ್ನೇ ಕೇಳಿ ಬರೆದುಕೊಂಡೆ. ಅದರ ಮೇಲೆ ಇನ್ನೂ ಇಪ್ಪತ್ತು ನಿಮಿಷ ಸೇರಿಸು ಅಂದರು. ಯಾಕೆ ಅಂದರೆ ರವೆ ಕಲಸಿ ಮೃದಂಗದ ಎಡದ ಮುಖಕ್ಕೆ ಮೆತ್ತಿ, ಬಲಗಡೆ ಶ್ರುತಿ ಕೂಡಿಸಿಕೊಳ್ಳಬೇಕು.

ಕಳೆದ ಸೀಸನ್‌ನಲ್ಲಿ ಅದು ಮೊದಲ ಸಲ ಕೂಗಿತು. ಮಧ್ಯಾಹ್ನ ಮಲ್ಲೇಶ್ವರದಲ್ಲಿ ಒಂದು, ಸಂಜೆ ಬಸವನಗುಡಿಯಲ್ಲಿ ಇನ್ನೊಂದು, ನಡುವೆ ಸಮಯ ಸಾಲದು ಅಂತ ಕೆಂಪು ಪಟ್ಟಿ. ಸೇವ್ ಆಗಲು ಬಿಡಲಿಲ್ಲ. ಮಾವ ಫೋನ್ ಮಾಡಿದರು.

'ನಿನ್ನ ಪೆಟ್ಟಿಗೆ ಬೇಡ ಅಂತಿದೆ.'

'ಹೌದು ಮಾವ, ಅದಕ್ಕೇ ಮಾಡಿದ್ದು.'

'ಸಂಜೆ ಹಾಡೋರು ಯಾರು ಅಂತ ಅದಕ್ಕೆ ಗೊತ್ತಾ? ನಲವತ್ತು ವರ್ಷದಿಂದ ಅವರಿಗೊಂದು ಸಲ ನುಡಿಸಬೇಕು ಅಂತ ಕಾದಿದೀನಿ.'

ಅವತ್ತೇ ರಾತ್ರಿ ಕೆಂಪು ಪಟ್ಟಿಯ ಕೆಳಗೆ ಒಂದು ಬಟನ್ ಸೇರಿಸಿದೆ. 'ಆದರೂ ಇರಲಿ' ಅಂತ. ಮಾವ ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿ ನ್ಯಾಷನಲ್ ಕಾಲೇಜಿನಲ್ಲಿ ಇಳಿದು, ಐದೂವರೆ ಮನೆಯ ಮೃದಂಗ ಹೆಗಲಿಗೆ ಹಾಕಿಕೊಂಡು, ಗಾಯಕರು ತಂಬೂರಿ ಕೂಡಿಸಿಕೊಳ್ಳುವ ಹೊತ್ತಿಗೆ ವೇದಿಕೆ ಮೇಲಿದ್ದರಂತೆ. ರವೆ ಮಾತ್ರ ಅತ್ತೆ ಮನೆಯಿಂದ ಡಬ್ಬಿಯಲ್ಲಿ ಕಲಸಿ ತಂದಿದ್ದರು.